ಹಳ್ಳ ಕಾಗದದಲ್ಲಿ ಇತ್ತು

(ದಾವಣಗೆರೆಯಲ್ಲಿ ಪಿಡಿಒಗಳು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಲೇಔಟ್ ನಕ್ಷೆ ಮಾಡುವ ಎಂಜಿನಿಯರುಗಳು ಸೇರಿದ್ದ ತರಬೇತಿಯಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದು, ಅಲ್ಲಲ್ಲಿ ತಿದ್ದಿದ್ದು.)

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಕೆರೆ ಪಕ್ಕ ಕಟ್ಟಡ ಕಟ್ಟಬೇಕಾದರೆ ಕೆರೆ ಅಂಚಿನಿಂದ ಎಷ್ಟು ಜಾಗ ಬಿಡಬೇಕು?

ಹಿಂದಿನ ಸಾಲಿನಿಂದ 75 ಮೀಟರ್ ಅಂತ ಬಂತು. ಇಲ್ಲಿ ಮುಂದೆ ಕೂತ ಅಕ್ಕ 30 ಅಂದರು. ಆ ಕಿಟಕಿ ಪಕ್ಕದವರು, ಅದೆಲ್ಲ ಬೆಂಗಳೂರಿಗೆ ಮಾತ್ರ ಸರ್, ನಮಗಲ್ಲ ಅಂದರು. ಒಂದೇ ಕೋಣೆ, ಎಲ್ಲರೂ ಇದೇ ಕೆಲಸದಲ್ಲಿರುವವರು, ಮೂರು ಉತ್ತರ. ನನಗೆ ಈ ಮೂರೂ ಉತ್ತರ ಬೇಕಿತ್ತು. ಯಾಕೆ ಅಂದರೆ ಇವತ್ತು ನಾನು ಹೇಳಬೇಕಾದ್ದೆಲ್ಲ ಇದರೊಳಗೇ ಇದೆ.

30 ಮೀಟರ್ ಬಂದದ್ದು ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರಿಂದ. ಕೆರೆಗೆ 30, ರಾಜಕಾಲುವೆಗಳಿಗೆ ದರ್ಜೆ ನೋಡಿ 50, 25, 15 ಮೀಟರ್. ಆಮೇಲೆ 2016ರ ಮೇ ತಿಂಗಳಲ್ಲಿ ಪರಿಸರದ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಬದಲಾಯಿಸಿ ಕೆರೆಗೆ 75 ಮೀಟರ್ ಮಾಡಿತು. ಎಲ್ಲ ಪೇಪರಿನಲ್ಲೂ ದೊಡ್ಡದಾಗಿ ಬಂತು, ನಮ್ಮ ಕಡೆಯ ತರಬೇತಿಗಳಲ್ಲೂ ಅದೇ ಹೇಳಿಕೊಟ್ಟರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ 75 ಮೀಟರಿನ ಆದೇಶವನ್ನು ತಳ್ಳಿಹಾಕಿತು. ಮಾಸ್ಟರ್ ಪ್ಲಾನಿನಲ್ಲಿ ಇರುವುದನ್ನು ನ್ಯಾಯಮಂಡಳಿ ಹಾಗೆ ತಿದ್ದುವಂತಿಲ್ಲ ಅಂದಿತು. ಇದು ಅಷ್ಟು ದೊಡ್ಡದಾಗಿ ನಮ್ಮ ಕಿವಿಗೆ ಬೀಳಲಿಲ್ಲ.

ಹಾಗಾಗಿ 75 ಅಂದವರು ತಪ್ಪು ಕಲಿತವರಲ್ಲ. ಸರಿಯಾಗಿಯೇ ಕಲಿತಿದ್ದಾರೆ, 2016ರಲ್ಲಿ. ಮೂರು ವರ್ಷಕ್ಕೆ ಕಾನೂನು ಬೇರೆ ಆಯಿತು, ಅವರನ್ನು ಮತ್ತೆ ಕರೆದು ಕೂರಿಸಿ ಹೇಳಿದವರು ಯಾರೂ ಇಲ್ಲ. ಕಿಟಕಿ ಪಕ್ಕದವರು ಹೇಳಿದ್ದು ಹೆಚ್ಚು ಹತ್ತಿರ. ದಾವಣಗೆರೆ ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ನಿಮ್ಮ ಜಾಗ ಇದ್ದರೆ ಇಲ್ಲಿನ ಮಾಸ್ಟರ್ ಪ್ಲಾನ್ ತೆಗೆದು ಅದರ ವಲಯ ನಿಯಮ ಓದಬೇಕು, ಚಿತ್ರದುರ್ಗದವರು ಅಲ್ಲಿನದನ್ನು ಓದಬೇಕು. ಆ ಪುಸ್ತಕ ಎಷ್ಟು ಜನರ ಮೇಜಿನ ಮೇಲಿದೆ? ಕೈ ಎತ್ತಬೇಡಿ, ನನಗೆ ಗೊತ್ತು. ನನ್ನ ಮೇಜಿನ ಮೇಲೂ ಬಹಳ ವರ್ಷ ಇರಲಿಲ್ಲ.

ನನ್ನದೇ ಒಂದು ವಿಷಯ ಹೇಳಬೇಕು. ಇದನ್ನು ಹೇಳದೆ ನಿಮಗೆ ಪಾಠ ಹೇಳುವ ಹಕ್ಕು ನನಗಿಲ್ಲ ಅಂತ ಅಂದುಕೊಂಡಿದ್ದೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ, ಒಂದು ಊರಿನ ಹೊರಗೆ ಆರು ಎಕರೆಯ ಲೇಔಟ್ ಫೈಲು ನನ್ನ ಮುಂದೆ ಬಂತು. ನಾನು ನೋಡಬೇಕಾದ್ದನ್ನೆಲ್ಲ ನೋಡಿದೆ. ರಸ್ತೆ ಅಗಲ ಸರಿ ಇದೆಯಾ, ಪಾರ್ಕಿಗೆ ಜಾಗ ಬಿಟ್ಟಿದ್ದಾರಾ, ಸಿಎ ನಿವೇಶನ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ ಜಾಗ) ಎಲ್ಲಿದೆ, ಕೂಡು ರಸ್ತೆ ಇದೆಯಾ. ಅಳತೆಪಟ್ಟಿ ಹಿಡಿದು ಜಾಗಕ್ಕೂ ಹೋಗಿ ಬಂದೆ. ಬೇಸಿಗೆ, ನೆಲ ಚಪ್ಪಟೆ, ಮಧ್ಯದಲ್ಲಿ ಸ್ವಲ್ಪ ತಗ್ಗು, ಅದರ ತುಂಬ ಜಾಲಿ ಗಿಡ. ಫೈಲಿನ ಕೊನೆಯಲ್ಲಿ ಸರ್ವೆ ಟಿಪ್ಪಣಿಯ, ಅಂದರೆ ಆ ಸರ್ವೆ ನಂಬರಿನ ಹಳೇ ಅಳತೆ ನಕ್ಷೆಯ, ನಕಲು ಲಗತ್ತಾಗಿತ್ತು. ಅದನ್ನು ಬಿಡಿಸಿ ನೋಡಲಿಲ್ಲ. ನನ್ನ ಷರಾ ಬರೆದು ಮೇಲಕ್ಕೆ ಕಳಿಸಿದೆ.

ಮನೆಗಳೆದ್ದು ಆರೇಳು ವರ್ಷ ಆದ ಮೇಲೆ ಒಂದು ರಾತ್ರಿ ಜೋರು ಮಳೆ ಬಂತು. ಮೂರನೇ ಕ್ರಾಸಿನ ಹದಿನಾಲ್ಕು ಮನೆಗೆ ನೀರು ನುಗ್ಗಿತು. ಮರುದಿನ ಹೋದೆ. ಒಂದು ಮನೆಯ ಗೋಡೆಯಲ್ಲಿ ಸ್ವಿಚ್ ಬೋರ್ಡಿನ ಕೆಳಗೆ ಕೆಂಪು ಮಣ್ಣಿನ ಗೆರೆ, ಎಳೆದು ಕಟ್ಟಿದ ದಾರದ ಹಾಗೆ ನೇರ. ಪಡಿತರದ ಅಕ್ಕಿ ಚೀಲ ನೆನೆದು ಊದಿಕೊಂಡು ಹುಳಿ ವಾಸನೆ ಬರುತ್ತಿತ್ತು. ಹೊಸ್ತಿಲ ಮೇಲೆ ಕೂತ ಅಜ್ಜಿ, ಅದೇ ಊರಿನವರು, ಸೊಸೆ ಮನೆಯಲ್ಲಿದ್ದವರು, ಕೇಳಿದರು: "ನಮ್ಮ ಮಾವನ ಕಾಲದಿಂದ ಇಲ್ಲಿ ಹಳ್ಳ ಹರೀತಿತ್ತು ಸಾಹೇಬ್ರೆ. ನಿಮ್ಮ ಕಾಗದ್ದಾಗ ಇರ್ಲಿಲ್ವಾ?"

ಕಚೇರಿಗೆ ಬಂದು ಆ ಫೈಲು ತರಿಸಿ ಟಿಪ್ಪಣಿ ಬಿಡಿಸಿದೆ. ಇತ್ತು. ಎರಡು ತೆಳು ಗೆರೆ, ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ, ನಡುವೆ ಸಣ್ಣ ಅಕ್ಷರದಲ್ಲಿ ಹಳ್ಳ ಅಂತ ಬರೆದಿತ್ತು. ಪಹಣಿಯಲ್ಲೂ ಬಿ ಖರಾಬು ಏಳು ಗುಂಟೆ ಅಂತ ಇತ್ತು. ಲೇಔಟ್ ನಕ್ಷೆ ಬರೆದವರು ಆ ಏಳು ಗುಂಟೆಯನ್ನು ಸೈಟಿನೊಳಗೆ ಸೇರಿಸಿದ್ದರು. ನಾನು ಹಿಡಿಯಬೇಕಿತ್ತು. ಯಾರೂ ನನಗೆ ಲಂಚ ಕೊಟ್ಟಿರಲಿಲ್ಲ, ಒತ್ತಡ ಹಾಕಿರಲಿಲ್ಲ. ನನಗೆ ಬಿ ಖರಾಬು ಅಂದರೆ ಕಾನೂನಿನಲ್ಲಿ ಏನು ಅಂತ ಸರಿಯಾಗಿ ತಿಳಿದಿರಲಿಲ್ಲ, ಅಷ್ಟೇ. ಕೆಲಸಕ್ಕೆ ಸೇರಿದಾಗ ಕಲಿಸಿದ್ದು ನಕ್ಷೆ ಮಾಡುವುದನ್ನು. ಕಂದಾಯದ ಕಾಗದ ಕಂದಾಯ ಇಲಾಖೆಯವರ ಕೆಲಸ ಅಂತ ನಾವೆಲ್ಲ ನಂಬಿಕೊಂಡಿದ್ದೆವು.

ಇಲ್ಲಿ ಸ್ವಲ್ಪ ನಿಲ್ಲೋಣ, ಇದು ಮುಖ್ಯ. ನಿಮ್ಮ ಚೀಲದಲ್ಲಿ ಪಹಣಿ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಪಕ್ಕದವರದ್ದು ನೋಡಿ. ವಿಸ್ತೀರ್ಣದ ಕಾಲಂನಲ್ಲಿ ಒಟ್ಟು ಎಕರೆ ಗುಂಟೆ ಇರುತ್ತೆ, ಅದರ ಕೆಳಗೆ ಖರಾಬು ಎ, ಖರಾಬು ಬಿ, ಆಮೇಲೆ ಉಳಿದದ್ದು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 21ನೇ ನಿಯಮದಲ್ಲಿ ಈ ಎರಡು ಖರಾಬಿನ ವಿವರಣೆ ಇದೆ. ಎ ಅಂದರೆ ಬೇಸಾಯಕ್ಕೆ ಬಾರದ ನೆಲ, ಬಂಡೆ, ಕಣ, ಅಂಥದ್ದು. ಅದು ಜಮೀನಿನವರದ್ದೇ. ಬಿ ಅಂದರೆ ಸಾರ್ವಜನಿಕರಿಗೆ ಬಿಟ್ಟದ್ದು. ದಾರಿ, ಹಳ್ಳ, ಕೆರೆ, ಸ್ಮಶಾನ. ಸುತ್ತ ಒಬ್ಬರದ್ದೇ ಜಮೀನಿದ್ದರೂ ಅದರ ನಡುವಿನ ಬಿ ಖರಾಬು ಅವರದ್ದಲ್ಲ. ಅದನ್ನು ಮಾರುವ ಹಾಗಿಲ್ಲ, ಸೈಟು ಮಾಡುವ ಹಾಗಿಲ್ಲ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಆ ಅಕ್ಷರ ಓದಲು ಬಾರದೆ ಹದಿನಾಲ್ಕು ಮನೆಯವರ ಸಾಮಾನು ಬೀದಿಗೆ ಬಂತು.

ಈಗ ನಿಮ್ಮ ಕೈಯಲ್ಲಿ ನಮ್ಮ ಕಾಲದಲ್ಲಿ ಇಲ್ಲದ ಸಲಕರಣೆ ಇದೆ. ದಿಶಾಂಕ್ ಆ್ಯಪ್ ತೆರೆದು ಜಾಗದ ಮೇಲೆ ನಿಂತರೆ ನಿಂತ ಸರ್ವೆ ನಂಬರ್ ತೋರಿಸುತ್ತೆ. ಗೆರೆಗಳನ್ನು ನೋಡಿದರೆ ಹಳ್ಳ ಎಲ್ಲಿತ್ತು ಅಂತ ಅಂದಾಜು ಸಿಗುತ್ತೆ. ಆದರೆ ಅದು ಅಂದಾಜು ಮಾತ್ರ. ಅನುಮಾನ ಬಂದರೆ ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಕಂದಾಯ ಪಟ್ಟಿ), ಗ್ರಾಮ ನಕಾಶೆ ಮೂರನ್ನೂ ತರಿಸಿ, ಸರ್ವೆಯರ್ ಕರೆಸಿ ಅಳತೆ ಮಾಡಿಸಬೇಕು. ಗ್ರಾಮ ನಕಾಶೆ ಹಳೆಯದಿದ್ದಷ್ಟೂ ಒಳ್ಳೆಯದು. ಬಟ್ಟೆ ಅಂಟಿಸಿದ ಹಳೇ ನಕಾಶೆಯಲ್ಲಿ ಕಾಲುದಾರಿ, ಬಾವಿ, ಹಳ್ಳ ಎಲ್ಲ ಇರುತ್ತವೆ.

ಇನ್ನೊಂದು ಗೊಂದಲ, ಇದು ದಿನಾ ನೋಡುವಂಥದ್ದು. ಡಿಸಿ ಕನ್ವರ್ಷನ್ ಆಗಿದೆ ಸರ್, ಇನ್ನೇನು ಬೇಕು ಅಂತಾರೆ. ಭೂ ಪರಿವರ್ತನೆ ನಡೆಯುವುದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ. ಭೂ ಬಳಕೆ ಬದಲಾವಣೆ ನಡೆಯುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ. ಕೃಷಿ ಜಮೀನನ್ನು ಬೇರೆಯದಕ್ಕೆ ಬಳಸಬಹುದಾ ಅನ್ನುವುದು ಮೊದಲನೆಯ ಪ್ರಶ್ನೆ. ಊರಿನ ನಕ್ಷೆಯಲ್ಲಿ ಆ ಜಾಗಕ್ಕೆ ಹಸಿರು ಅಂತ ಬಣ್ಣ ಹಾಕಿದ್ದನ್ನು ವಸತಿ ಅಂತ ಬದಲಾಯಿಸಬಹುದಾ ಅನ್ನುವುದು ಎರಡನೆಯದು. ಲೇಔಟ್ ಮಂಜೂರಾತಿಗೆ 17ನೇ ಕಲಂ, ಅದು ಮೂರನೆಯ ಪ್ರಶ್ನೆ. ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. 95ನೇ ಕಲಂಗೆ ಈಚಿನ ವರ್ಷಗಳಲ್ಲಿ ಹಲವು ತಿದ್ದುಪಡಿ ಆಗಿವೆ, ಹಾಗಾಗಿ ನಿಮ್ಮ ಹತ್ತಿರ ಇರುವ ಹಳೇ ಪುಸ್ತಕ ನಂಬಬೇಡಿ.

ಹಳೇ ಪುಸ್ತಕ ಅಂದಾಗ ನೆನಪಾಯಿತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರು. ಅಲ್ಲಿಯವರೆಗೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಈಗ ಕೊಳ್ಳಬಹುದು. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ, ನನಗೆ ನನ್ನ ಅಭಿಪ್ರಾಯ ಇದೆ. ಇಲ್ಲಿ ಹೇಳಬೇಕಾದ್ದು ಏನೆಂದರೆ, ರಾಷ್ಟ್ರೀಯ ಹೆದ್ದಾರಿ 48ರ ಎರಡೂ ಬದಿ ಚಿತ್ರದುರ್ಗದಿಂದ ಹರಿಹರದ ತನಕ ನೋಡಿಕೊಂಡು ಬನ್ನಿ. ಹೊಲಕ್ಕೆ ಬೇಲಿ, ಬೇಲಿಗೆ ಬೋರ್ಡು. ಮೊದಲು ಆ ಎರಡು ಕಲಂಗಳು ತಡೆಯುತ್ತಿದ್ದುದನ್ನು ಈಗ ತಡೆಯಬೇಕಾದ್ದು, ಅಥವಾ ಒಂದು ಕ್ರಮಕ್ಕೆ ತರಬೇಕಾದ್ದು, ಯೋಜನೆಯ ಕಾನೂನು. ಅಂದರೆ ಭಾರ ನಿಮ್ಮ ಹೆಗಲಿಗೆ ಬಂತು. ಆ ವಿಷಯ ನಿಮಗೆ ಯಾರಾದರೂ ಪತ್ರ ಬರೆದು ತಿಳಿಸಿದರಾ?

ಪರಿಸರ ಕಾನೂನಿನಲ್ಲಂತೂ ಈ ಬದಲಾವಣೆ ಇನ್ನೂ ಜಾಸ್ತಿ. 1986ರ ಪರಿಸರ ಸಂರಕ್ಷಣಾ ಕಾಯ್ದೆ ಮುರಿದರೆ ಐದು ವರ್ಷ ಜೈಲು ಅಂತ ನಾವೆಲ್ಲ ಓದಿದವರು, ಊರವರಿಗೂ ಹೇಳಿದವರು. 2023ರ ಜನ ವಿಶ್ವಾಸ ಕಾಯ್ದೆ ಬಂದು, 2024ರ ಏಪ್ರಿಲ್ 1ರಿಂದ ಆ ಜೈಲು ಹೋಗಿ ದಂಡ ಬಂತು, 10 ಸಾವಿರದಿಂದ 15 ಲಕ್ಷದವರೆಗೆ. ಇವತ್ತು ಯಾವುದೋ ಕಾರ್ಖಾನೆಯವರ ಮುಂದೆ ನೀವು ಜೈಲು ಅಂತ ಹೇಳಿದರೆ ಅವರ ವಕೀಲರು ನಿಮ್ಮ ಬಾಕಿ ಮಾತನ್ನೂ ಕೇಳುವುದಿಲ್ಲ.

ಹೊಸದೊಂದು ಉದಾಹರಣೆ. ಪರಿಸರ ಅನುಮತಿ ಇಲ್ಲದೆ ಕೆಲಸ ಶುರು ಮಾಡಿ, ಆಮೇಲೆ ಅನುಮತಿ ಪಡೆಯಬಹುದಾ? 2025ರ ಮೇ 16ರಂದು ಸುಪ್ರೀಂ ಕೋರ್ಟ್ ಹಾಗೆ ಪಡೆಯುವಂತಿಲ್ಲ ಅಂದಿತು, ಅದಕ್ಕೆ ದಾರಿ ಮಾಡಿಕೊಟ್ಟಿದ್ದ 2017ರ ಅಧಿಸೂಚನೆಯನ್ನೂ 2021ರ ಸುತ್ತೋಲೆಯನ್ನೂ ರದ್ದು ಮಾಡಿತು. ಅದೇ ವರ್ಷ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಇಬ್ಬರು ಒಪ್ಪಿ ಒಬ್ಬರು ಒಪ್ಪದೆ, ಆ ತೀರ್ಪನ್ನು ವಾಪಸು ಪಡೆಯಿತು. ಜೂನ್‌ನಲ್ಲಿ ತರಬೇತಿ ಪಡೆದವರು ಒಂದು ಕಲಿತಿರುತ್ತಾರೆ, ಡಿಸೆಂಬರ್‌ನಲ್ಲಿ ಪಡೆದವರು ಇನ್ನೊಂದು. ಇಬ್ಬರೂ ಒಂದೇ ತಾಲ್ಲೂಕು ಪಂಚಾಯಿತಿಯಲ್ಲಿ ಕೂತರೆ?

ಕೆರೆ ವಿಷಯಕ್ಕೆ ಮತ್ತೆ ಬರುತ್ತೇನೆ. ಒಬ್ಬ ಹುಡುಗ, ಓದಿದವನು, ತುಂಬ ಕಾಳಜಿ ಇರುವವನು, ತನ್ನೂರ ಕೆರೆ ಒತ್ತುವರಿ ಬಗ್ಗೆ ದೂರು ಬರೆದು ನನಗೆ ತೋರಿಸಲು ತಂದ. ನಾಲ್ಕು ಪುಟ. ಎಲ್ಲ 2017ರ ಜೌಗು ಪ್ರದೇಶ ನಿಯಮಗಳ ಮೇಲೆ ನಿಂತಿತ್ತು. ನಾನು ಅವನಿಗೆ ಆ ನಿಯಮಗಳ ವ್ಯಾಖ್ಯೆ ಓದಿಸಿದೆ. ನೀರಾವರಿಗೆ, ಕುಡಿಯುವ ನೀರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಗಳು ಆ ವ್ಯಾಖ್ಯೆಯಿಂದ ಹೊರಗೆ. ಈಗ ನಮ್ಮ ಎರಡು ಜಿಲ್ಲೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಚನ್ನಗಿರಿಯ ಸೂಳೆಕೆರೆ, ಅದೇ ಶಾಂತಿಸಾಗರ, ನೂರಾರು ವರ್ಷದ ಹಿಂದೆ ಕಣಿವೆಗೆ ಏರಿ ಹಾಕಿ ಕಟ್ಟಿದ್ದು. ಇಲ್ಲಿನ ಕುಂದುವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವುದು. ಹಿರಿಯೂರಿನ ವಾಣಿವಿಲಾಸ ಸಾಗರ, ವೇದಾವತಿಗೆ 1898ರಿಂದ 1907ರವರೆಗೆ ಕಟ್ಟಿದ್ದು. ಬಯಲುಸೀಮೆಯಲ್ಲಿ ತಾನಾಗಿ ಹುಟ್ಟಿದ ಸರೋವರ ಎಲ್ಲಿದೆ? ನಮ್ಮ ಹಿರಿಯರು ಮಣ್ಣು ಹೊತ್ತು ಕಟ್ಟಿದ ಕೆರೆಗಳೇ ಎಲ್ಲ. ಹಾಗಾಗಿ ಆ ನಿಯಮ ಹಿಡಿದು ಹೋದರೆ ಅರ್ಜಿ ವಾಪಸು ಬರುತ್ತೆ. ನಾವು ಹಿಡಿಯಬೇಕಾದ್ದು 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ, ಜೊತೆಗೆ ಭೂ ಕಂದಾಯ ಕಾಯ್ದೆ. ಸರ್ಕಾರಿ ಜಮೀನು ಒತ್ತುವರಿಗೆ ಅದರ 192ಎ ಕಲಂನಲ್ಲಿ ಶಿಕ್ಷೆಯೇ ಇದೆ. ಇದರ ಜೊತೆಗೆ 2011ರ ಜನವರಿ 28ರ ಜಗಪಾಲ್ ಸಿಂಗ್ ತೀರ್ಪು ಇಟ್ಟುಕೊಳ್ಳಿ. ಪಂಜಾಬಿನ ಒಂದು ಹಳ್ಳಿಯ ಹೊಂಡ ಮುಚ್ಚಿ ಮನೆ ಕಟ್ಟಿದವರ ಪ್ರಕರಣ ಅದು. ಊರೊಟ್ಟಿನ ಜಾಗ ಒತ್ತುವರಿ ಮಾಡಿದವರನ್ನು ತೆರವು ಮಾಡಲು ಯೋಜನೆ ರೂಪಿಸಿ ಅಂತ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು.

ಆ ಹುಡುಗ ದೂರನ್ನು ಎರಡು ಪುಟಕ್ಕೆ ಇಳಿಸಿ ಮತ್ತೆ ಬರೆದ. ಈ ಸಲ ಸರ್ವೆ ನಂಬರಿನಿಂದ ಶುರುವಾಗಿತ್ತು.

ಈಗ ಚಳ್ಳಕೆರೆಗೆ ಹೋಗೋಣ. ಇಲ್ಲಿ ಆ ಕಡೆಯವರು ಇದ್ದೀರಿ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಮೃತಮಹಲ್ ಕಾವಲು, ಅಂದರೆ ಅಮೃತಮಹಲ್ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲು. ದೊಡ್ಡಉಳ್ಳಾರ್ತಿ, ಕುದಾಪುರ, ವರವು ಕಾವಲು. ಹೊರಗಿನಿಂದ ಬಂದವರಿಗೆ ಅದು ಬಂಜರು. ಹುಲ್ಲು ಒಣಗಿದ ಕಾಲದಲ್ಲಿ ನೋಡಿದರೆ ಖಾಲಿ ಬಯಲು ಹಾಗೇ ಕಾಣುತ್ತೆ. ಕುರಿ, ದನ ಅದರ ಮೇಲೆ ಬದುಕುತ್ತವೆ, ಆ ಕುರಿಗಳ ಉಣ್ಣೆಯಲ್ಲಿ ಕಂಬಳಿ ನೇಯುತ್ತಾರೆ, ಕೃಷ್ಣಮೃಗ ಓಡಾಡುತ್ತವೆ. ಸುಮಾರು ಹತ್ತು ಸಾವಿರ ಎಕರೆಯಷ್ಟು ಕಾವಲನ್ನು ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟರು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ದೇಶಕ್ಕೆ ಬೇಕಾದ ಸಂಸ್ಥೆಗಳೇ. ಆದರೆ ದನ ಮೇಯಿಸುವವರಿಗೆ ವಿಷಯ ಸರಿಯಾಗಿ ಗೊತ್ತಾದದ್ದು ಗೋಡೆ ಏಳಲು ಶುರುವಾದ ಮೇಲೆ. ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋದರು, 2013ರಲ್ಲಿ ತಡೆ ಸಿಕ್ಕಿತು, 2014ರ ಆಗಸ್ಟ್‌ನಲ್ಲಿ ಅಂತಿಮ ತೀರ್ಪು ಬಂತು. ಈಗ ಗೋಡೆಗಳು ಅಲ್ಲೇ ಇವೆ.

ಇದರಲ್ಲಿ ನಮ್ಮ ಕೆಲಸ ಎಲ್ಲಿ ಬರುತ್ತೆ? ಜಮೀನು ಕೊಡುವ ಕಾಗದ ಮೊದಲು ಓಡಾಡುವುದು ಗ್ರಾಮ ಆಡಳಿತ ಅಧಿಕಾರಿಯ (ಮೊದಲು ಗ್ರಾಮ ಲೆಕ್ಕಿಗರು ಅಂತಿದ್ದೆವು) ಮೇಜು, ತಾಲ್ಲೂಕು ಕಚೇರಿ, ಪಂಚಾಯಿತಿ ಇಲ್ಲೇ ಅಲ್ವಾ? ಗೋಮಾಳಕ್ಕೆ ಒಂದು ಲೆಕ್ಕ ಇದೆ, 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ. ಭೂ ಕಂದಾಯ ನಿಯಮಗಳ 97ನೇ ನಿಯಮ. ನಿಮ್ಮ ಊರಿನ ಜಾನುವಾರು ಗಣತಿ ತೆಗೆದು, ಗೋಮಾಳದ ವಿಸ್ತೀರ್ಣ ತೆಗೆದು, ಭಾಗಿಸಿ ನೋಡಿದ್ದೀರಾ? ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕ. ಆ ಹಾಳೆ ಫೈಲಿನಲ್ಲಿ ಇದ್ದರೆ, ಹೆಚ್ಚುವರಿ ಗೋಮಾಳ ಇದೆ ಅಂತ ಯಾರೂ ಸುಮ್ನೆ ಬರೆದು ಕಳಿಸಲು ಆಗುವುದಿಲ್ಲ.

ಇನ್ನೊಂದು, ಗಡುವು. ಹಸಿರು ನ್ಯಾಯಮಂಡಳಿಗೆ ಅದರ ಕಾಯ್ದೆಯ 14ನೇ ಕಲಂ ಪ್ರಕಾರ ಹೋಗಲು ಆರು ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನು 60 ದಿನ. ಒಂದು ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ, ಮೇಲೆ 60 ದಿನ. ಅದಾದ ಮೇಲೆ ಎಷ್ಟು ನ್ಯಾಯ ಇದ್ದರೂ ಬಾಗಿಲು ತೆರೆಯುವುದಿಲ್ಲ. ಊರವರು ನಿಮ್ಮ ಹತ್ತಿರ ಬಂದು ಕೇಳಿದ ದಿನ ಈ ಲೆಕ್ಕ ನಿಮ್ಮ ತಲೆಯಲ್ಲಿ ಇರಬೇಕು. ಆಮೇಲೆ ನೋಡೋಣ ಅಂತ ಕಳಿಸಿದ ಎರಡು ತಿಂಗಳಲ್ಲಿ ಅವರ ದಾರಿ ಮುಚ್ಚಿ ಹೋಗಿರಬಹುದು.

ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಹೊಳಲ್ಕೆರೆ ಕಡೆಯವರು, ಗಣಿ ಇರುವ ಕಡೆ. ಭೀಮಸಮುದ್ರದ ಅಡಿಕೆ ತೋಟದ ಮೇಲೆ ಕೆಂಪು ಧೂಳು ಕೂತದ್ದನ್ನು ನೋಡಿದವರಿಗೆ ಪರಿಸರ ಕಾನೂನು ದೂರದ ವಿಷಯ ಅನ್ನಿಸುವುದಿಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿ ನಿಲ್ಲಿಸಿತ್ತು, ಬಳ್ಳಾರಿಯಲ್ಲಿ ನಿಲ್ಲಿಸಿದ ಒಂದು ತಿಂಗಳಿಗೆ. ಮತ್ತೆ ಶುರುವಾದದ್ದು ಷರತ್ತುಗಳ ಮೇಲೆ.

ಚೀಟಿಯ ಪ್ರಶ್ನೆ: ಸಭೆಗೆ ಜನ ಬರದಿದ್ದರೆ ರದ್ದಾಗುತ್ತಾ? ಆಗುವುದಿಲ್ಲ. 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯಲ್ಲಿ ಕೋರಂ ಬೇಡ ಅಂತಲೇ ಬರೆದಿದೆ. ಐದು ಜನ ಬಂದರೂ ಸಭೆ ಆದಂತೆ. ಹಾಗಾಗಿ ಬಹಿಷ್ಕಾರ ಹಾಕಿದರೆ ಗೆದ್ದೆವು ಅಂತ ತಿಳಿಯಬೇಡಿ. 30 ದಿನ ಮೊದಲೇ ಪತ್ರಿಕೆಯಲ್ಲಿ ತಿಳಿಸಬೇಕು, ಒಂದು ಕನ್ನಡ ಪತ್ರಿಕೆಯಲ್ಲೂ ಬರಬೇಕು. ಪತ್ರಿಕೆ ತಲುಪದ ಊರಿಗೆ ಡಂಗುರ ಸಾರಬೇಕು ಅಂತಲೂ ಅದರಲ್ಲಿದೆ. ಹೌದು, ದೆಹಲಿಯ ಅಧಿಸೂಚನೆಯಲ್ಲಿ ಡಂಗುರ ಇದೆ! ಪರಿಸರ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು, ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಸಂಸ್ಥೆ, ಇಲ್ಲೆಲ್ಲ ನೋಡಲು ಸಿಗಬೇಕು. ಪೂರ್ತಿ ಸಭೆ ವಿಡಿಯೋ ಆಗಬೇಕು. ಮತ್ತೆ ಇದನ್ನು ದಯವಿಟ್ಟು ಬರೆದುಕೊಳ್ಳಿ: ಸಭೆ ಮುಗಿಯುವ ಮೊದಲು, ಯಾರು ಏನು ಹೇಳಿದರು ಅಂತ ದಾಖಲಾದದ್ದನ್ನು ಅಲ್ಲೇ ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಅದು ಮುಗಿಯುವ ತನಕ ಎದ್ದು ಹೋಗಬೇಡಿ. ಊರವರು ಭಾಷಣ ಮಾಡಿ, ಚಪ್ಪಾಳೆ ಹೊಡೆಸಿಕೊಂಡು, ಊಟದ ಹೊತ್ತಾಯಿತು ಅಂತ ಹೊರಟುಬಿಡುತ್ತಾರೆ. ದಾಖಲೆಯಲ್ಲಿ ಅವರ ಮಾತು ಒಂದು ಸಾಲಿಗೆ ಇಳಿದಿರುತ್ತೆ. ಮಾತಾಡುವುದರ ಜೊತೆಗೆ ಲಿಖಿತವಾಗಿಯೂ ಕೊಡಿಸಿ, ಸ್ವೀಕೃತಿ ಪಡೆಯಿರಿ.

ಕಾನೂನು ಕಲಿಯುವುದು ಅಂದರೆ ವಕೀಲರ ಕೆಲಸ ಅಂತ ಒಬ್ಬರು ಬೆಳಿಗ್ಗೆ ಅಂದರು. ಹರಿಹರದ ಈಚೆ ಆಚೆ ನಡೆದ ಒಂದು ಕಥೆ ಹೇಳುತ್ತೇನೆ, ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1984ರಲ್ಲಿ ರಾಜ್ಯ ಸರ್ಕಾರ ಮರದ ತಿರುಳು ಮಾಡುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಕಂಪನಿ ಮಾಡಿತು. ನೀಲಗಿರಿ ಬೆಳೆಸಲು ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರ್ ಊರೊಟ್ಟಿನ ಜಮೀನು. ಸೌದೆ, ಹುಲ್ಲು, ಸೊಪ್ಪು ತರುತ್ತಿದ್ದ ಜಾಗ. ಶಿವರಾಮ ಕಾರಂತರು, ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು, 1987ರಲ್ಲಿ ತಡೆ ಸಿಕ್ಕಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಕಿತ್ತಿಕೊ ಹಚ್ಚಿಕೊ ಚಳವಳಿ ಆಯಿತು, ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಕೋರ್ಟಿನಲ್ಲಿ ವಕೀಲರು ಇದ್ದರು, ನಿಜ. ಆದರೆ ಯಾವ ಸರ್ವೆ ನಂಬರ್ ಯಾರು ಯಾವುದಕ್ಕೆ ಬಳಸುತ್ತಾರೆ ಅನ್ನುವ ಮಾಹಿತಿ ಬಂದದ್ದು ಹಳ್ಳಿಯಿಂದ. ಅದನ್ನು ಒದಗಿಸುವವರು ಪಂಚಾಯಿತಿಯಲ್ಲಿ ಇದ್ದರೆ ಮಾತ್ರ ವಕೀಲರ ಕೈಗೆ ಏನಾದರೂ ಸಿಗುತ್ತೆ.

ಎಲ್ಲ ಕಡೆ ತಡೆಯುವುದೇ ನಮ್ಮ ಕೆಲಸ ಅಂತ ಅಲ್ಲ. ನಮ್ಮ ಮಂಡಕ್ಕಿ ಭಟ್ಟಿಗಳನ್ನೇ ನೋಡಿ. ಈ ಊರಿನ ಮಂಡಕ್ಕಿ ಇಲ್ಲದೆ ನಮಗೆ ಸಂಜೆಯೇ ಇಲ್ಲ, ಮಿರ್ಚಿ ಜೊತೆ. ಭಟ್ಟಿಗೆ ಟೈರ್ ಹಾಕಿ ಉರಿಸುತ್ತಿದ್ದುದನ್ನೂ ಆ ಹೊಗೆಯಲ್ಲಿ ಮಕ್ಕಳು ಕೆಮ್ಮುತ್ತಿದ್ದುದನ್ನೂ ಕಂಡವರು ಇಲ್ಲಿದ್ದೀರಿ. ಮನೆ, ಭಟ್ಟಿ ಒಂದೇ ಗೋಡೆ. 1981ರ ವಾಯು ಕಾಯ್ದೆ ಮಾತ್ರ ಓದಿದವರು ಮುಚ್ಚಿಸಿ ಅನ್ನುತ್ತಾರೆ. ಯೋಜನೆ ಗೊತ್ತಿರುವವರು ಆ ಕುಟುಂಬ ರಾತ್ರಿ ಎರಡು ಗಂಟೆಗೆ ಎದ್ದು ಭಟ್ಟಿ ಹಚ್ಚುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಾವ ಉರುವಲು, ಎಷ್ಟು ಎತ್ತರದ ಚಿಮಣಿ, ಬೇರೆ ಜಾಗಕ್ಕೆ ಹೋದರೆ ಅಲ್ಲಿ ಭೂ ಬಳಕೆ ಏನಿದೆ, ನೀರು ಬರುತ್ತಾ, ಮಹಿಳೆಯರು ನಡೆದು ಹೋಗುವಷ್ಟು ಹತ್ತಿರ ಇದೆಯಾ. ಈ ಎರಡೂ ಕಾನೂನನ್ನು ಒಟ್ಟಿಗೆ ಓದಿದವರು ಬೇಕು. ಸದ್ಯಕ್ಕೆ ಮಾಲಿನ್ಯದವರು ಒಂದು ಕಟ್ಟಡದಲ್ಲಿ ಕಲಿಯುತ್ತಾರೆ, ಯೋಜನೆಯವರು ಇನ್ನೊಂದರಲ್ಲಿ.

ಅಮೆರಿಕದಲ್ಲಿ ಪ್ರಮಾಣಪತ್ರ ಪಡೆದ ನಗರ ಯೋಜಕರು ಅದನ್ನು ಉಳಿಸಿಕೊಳ್ಳಬೇಕಾದರೆ ಎರಡು ವರ್ಷಕ್ಕೆ 32 ಗಂಟೆಯಷ್ಟು ಕಲಿಯಲೇಬೇಕು, ಅದರಲ್ಲಿ ಕಾನೂನಿನ ಪಾಠ ಕಡ್ಡಾಯ. ನಾನು ಅಲ್ಲಿನದೆಲ್ಲ ಇಲ್ಲಿಗೆ ತನ್ನಿ ಅನ್ನುತ್ತಿಲ್ಲ. ಅವರ ಜಮೀನು, ಅವರ ಕಾನೂನು ಬೇರೆ. ಆದರೆ ಒಂದು ಸಲ ಕಲಿತದ್ದು ಜೀವನಪೂರ್ತಿ ಸಾಲದು ಅಂತ ಅವರು ನಿಯಮದಲ್ಲೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಪಂಚಾಯಿತಿಯವರಿಗೆ ತರಬೇತಿ ಕೊಡುತ್ತೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ದೂರ ಶಿಕ್ಷಣದಲ್ಲಿ ಪರಿಸರ ಕಾನೂನಿನ ಡಿಪ್ಲೊಮಾ ನಡೆಸುತ್ತಾ ಬಂದಿದೆ, ಇಂಗ್ಲಿಷ್ ಓದಲು ಧೈರ್ಯ ಇರುವವರು ಖಂಡಿತ ಸೇರಿ. ನನ್ನ ಬೇಸರ ಏನೆಂದರೆ, ಇವತ್ತು ಕಾಯ್ದೆ ತಿದ್ದುಪಡಿ ಆದರೆ ಅದು ಒಂದು ಹಳ್ಳಿಯ ಪಂಚಾಯಿತಿ ಮೇಜಿಗೆ ಅರ್ಥವಾಗುವ ಕನ್ನಡದಲ್ಲಿ ಬರುವುದಿಲ್ಲ. ಬಂದರೂ ಆ ಕನ್ನಡ ಓದಲು ಇನ್ನೊಂದು ತರಬೇತಿ ಬೇಕು.

ಹಾಗಾಗಿ ನಾನು ನಿಮ್ಮ ಮುಂದೆ ಇಡುವುದು ಸಣ್ಣ ವಿಷಯ. ಎರಡನೇ ಶನಿವಾರ ಕಚೇರಿ ರಜೆ ಇರುತ್ತೆ. ತಿಂಗಳಿಗೆ ಆ ಒಂದು ಬೆಳಿಗ್ಗೆ, ಮೂರು ಗಂಟೆ. ಭಾಷಣ ಬೇಡ. ಪ್ರತಿಯೊಬ್ಬರೂ ತಮ್ಮ ಮೇಜಿನ ಮೇಲೆ ನಿಜವಾಗಿ ಇರುವ ಒಂದು ಫೈಲಿನ ಪ್ರಶ್ನೆ ತರಬೇಕು, ಹೆಸರುಗಳನ್ನು ಮುಚ್ಚಿ. ಆ ತಿಂಗಳು ಯಾವ ಕಾಯ್ದೆ, ಯಾವ ನಿಯಮ, ಯಾವ ತೀರ್ಪು ಬದಲಾಯಿತು ಅಂತ ಇಬ್ಬರು ಓದಿಕೊಂಡು ಬಂದು ಕನ್ನಡದಲ್ಲಿ ಒಂದು ಪುಟ ಬರೆದು ಹಂಚಬೇಕು. ಕಂದಾಯದವರು ಒಬ್ಬರು, ಸರ್ವೆಯರ್ ಒಬ್ಬರು, ಅರಣ್ಯದವರು ಒಬ್ಬರು ಬಂದರೆ ಇನ್ನೂ ಒಳ್ಳೆಯದು. ಊರಿನ ಹಿರಿಯರೊಬ್ಬರು ಬರಲೇಬೇಕು. ಆ ಅಜ್ಜಿಯನ್ನು ನಾನು ಷರಾ ಬರೆಯುವ ಮೊದಲೇ ಕೇಳಿದ್ದರೆ ಟಿಪ್ಪಣಿ ಬಿಡಿಸುವ ಮೊದಲೇ ಹಳ್ಳ ಸಿಗುತ್ತಿತ್ತು.

ಮೊದಲ ಶನಿವಾರ ಕೋಣೆಯಲ್ಲಿ ಕೂರುವುದು ಬೇಡ. ಒಂದು ಹಳ್ಳ ಆರಿಸಿ, ಅದು ಹುಟ್ಟುವ ಕಡೆಯಿಂದ ಕೆರೆ ಸೇರುವ ತನಕ ನಡೆಯೋಣ. ಗ್ರಾಮ ನಕಾಶೆ ಕೈಯಲ್ಲಿ ಹಿಡಿದು, ಪ್ರತಿ ಸರ್ವೆ ನಂಬರಿನಲ್ಲೂ ನಿಂತು, ಕಾಗದದಲ್ಲಿ ಏನಿದೆ, ನೆಲದಲ್ಲಿ ಏನಿದೆ ಬರೆದುಕೊಳ್ಳೋಣ. ಗಟ್ಟಿ ಚಪ್ಪಲಿ, ಟೋಪಿ, ನೀರಿನ ಬಾಟಲಿ ತನ್ನಿ. ಜಾಲಿ ಮುಳ್ಳು ಇರುತ್ತೆ.

ಜಗಳೂರಿನ ಸದಸ್ಯರೊಬ್ಬರು ಕೈ ಎತ್ತಿದ್ದಾರೆ. ನಮ್ಮೂರ ಹಳ್ಳ ಬತ್ತಿ ಎಷ್ಟೋ ವರ್ಷ ಆಯಿತು, ಅದರಲ್ಲಿ ಈಗ ಅರ್ಧ ಹೊಲ ಆಗಿದೆ, ಅದಕ್ಕೂ ಬರಬಹುದಾ ಅಂತ ಕೇಳುತ್ತಿದ್ದಾರೆ. ಬನ್ನಿ ಅಣ್ಣ. ಅದರ ಟಿಪ್ಪಣಿ ತೆಗೆಸಿಕೊಂಡು ಬನ್ನಿ. ನಿಮ್ಮ ಹಳ್ಳದಿಂದಲೇ ಶುರು ಮಾಡೋಣ.